ನೊರೆಗೂ ಒಂದು ಪರೀಕ್ಷೆ

ಮಕ್ಕಳೇ, ಪರೀಕ್ಷೆ ಎಂದ ಕೂಡಲೇ ನಿಮಗೆ ಪ್ರಶ್ನೆಪತ್ರಿಕೆ, ಗಡಿಯಾರ, ಅಂಕಪಟ್ಟಿ ನೆನಪಾಗುತ್ತವೆ, ಅಲ್ಲವೇ? ನಾನು ಇಲ್ಲಿ ಹೇಳಹೊರಟಿರುವ ಪರೀಕ್ಷೆಯಲ್ಲೂ ಗಡಿಯಾರವಿದೆ, ಪಾಸು-ನಪಾಸು ಇದೆ. ಆದರೆ ಪರೀಕ್ಷೆಗೆ ಕೂರುವುದು ಮಾತ್ರ ನೊರೆ! ಪ್ರಶ್ನೆ ಕೇಳುವುದು ಬೆಂಕಿ. ಉತ್ತರ ಕೊಡಲು ಇರುವ ಸಮಯ ಒಂದೇ ನಿಮಿಷ.

ನಾನು ಬಹಳ ವರ್ಷ ಒಂದು ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವನು. ಈಗ ನಿವೃತ್ತನಾಗಿದ್ದೇನೆ. ಶಾಲೆಗಳಿಗೆ ಹೋದಾಗ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸರ್, ವಿಮಾನಕ್ಕೆ ಬೆಂಕಿ ಬಿದ್ದರೆ ಎಷ್ಟು ಟ್ಯಾಂಕರ್ ನೀರು ಬೇಕು?" ಬರೀ ನೀರನ್ನೇ ನಂಬಿದರೆ ಎಷ್ಟು ಟ್ಯಾಂಕರ್ ತಂದರೂ ಕಷ್ಟ ಎಂದು ನಾನು ಹೇಳಿದಾಗ ಅವರಿಗೆ ಅಚ್ಚರಿಯಾಗುತ್ತದೆ. ಕಾರಣ ಏನೆಂದು ನೋಡೋಣ ಬನ್ನಿ.

ನೀರು ಏಕೆ ಸಾಲದು?

ಬೆಂಕಿ ಉರಿಯಲು ಮೂರು ಬೇಕು: ಇಂಧನ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಶಾಖ. ಮೂರರಲ್ಲಿ ಒಂದನ್ನು ತೆಗೆದರೂ ಬೆಂಕಿ ಆರುತ್ತದೆ. ಸೌದೆ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದರೆ ನೀರು ಶಾಖವನ್ನು ಹೀರಿಕೊಳ್ಳುತ್ತದೆ. ಕೆಂಡ ತಣ್ಣಗಾಗುತ್ತದೆ.

ಈಗಿನ ದೊಡ್ಡ ವಿಮಾನಗಳು ಉರಿಸುವ ಇಂಧನ ನಮ್ಮ ಸೀಮೆಎಣ್ಣೆಯ ಜಾತಿಯದು. ಇದನ್ನು ಮುಖ್ಯವಾಗಿ ರೆಕ್ಕೆಗಳ ಒಳಗಿನ ತೊಟ್ಟಿಗಳಲ್ಲಿ ತುಂಬಿಸುತ್ತಾರೆ. ಒಂದು ಲೀಟರ್ ನೀರು 1 ಕಿಲೋಗ್ರಾಂ ತೂಗಿದರೆ ಒಂದು ಲೀಟರ್ ವಿಮಾನ ಇಂಧನ ಸುಮಾರು 800 ಗ್ರಾಂ ತೂಗುತ್ತದೆ. ಅಂದರೆ ಇದು ನೀರಿಗಿಂತ ಹಗುರ.

ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಅಡುಗೆ ಎಣ್ಣೆ ಹಾಕಿ. ಅದರ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಏನಾಯಿತು? ನೀರು ತಳಕ್ಕೆ ಇಳಿಯಿತು, ಎಣ್ಣೆ ಮೇಲೆ ತೇಲಿತು. ಉರಿಯುತ್ತಿರುವ ಇಂಧನದ ಮೇಲೆ ನೀರು ಸುರಿದರೂ ಹೀಗೆಯೇ ಆಗುತ್ತದೆ. ನೀರು ಅಡಿಗೆ ಹೋಗುತ್ತದೆ, ಬೆಂಕಿ ಅದರ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ!

ಇನ್ನೊಂದು ವಿಷಯ ತಿಳಿದಿರಲಿ. ಉರಿಯುವುದು ದ್ರವವಲ್ಲ, ಅದರಿಂದ ಮೇಲೇಳುವ ಆವಿ. ಆ ಆವಿ ಗಾಳಿಯೊಡನೆ ಬೆರೆಯದಂತೆ ಮುಚ್ಚಳ ಹಾಕಿಬಿಟ್ಟರೆ ಬೆಂಕಿಗೆ ಊಟವೇ ಇಲ್ಲ. ಅಡುಗೆ ಮನೆಯಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ದೊಡ್ಡವರು ಮಾಡಬೇಕಾದದ್ದೂ ಇದನ್ನೇ. ಒಲೆ ಆರಿಸಿ, ಬಾಣಲೆಯ ಮೇಲೆ ಸರಿಯಾಗಿ ಕೂರುವ ತಟ್ಟೆ ಮುಚ್ಚಬೇಕು. ನೀರು ಮಾತ್ರ ಸುರಿಯಬಾರದು. ಕಾದ ಎಣ್ಣೆಯ ಕೆಳಗೆ ಸೇರಿದ ನೀರು ಕ್ಷಣದಲ್ಲಿ ಹಬೆಯಾಗುತ್ತದೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಅದು ಮೇಲಕ್ಕೆ ಎರಚಿಬಿಡುತ್ತದೆ. ಇದನ್ನು ನಿಮ್ಮ ಮನೆಯಲ್ಲಿ ಇವತ್ತೇ ಹೇಳಿ.

ಆದರೆ ವಿಮಾನದಷ್ಟು ದೊಡ್ಡ ಬೆಂಕಿಗೆ ಮುಚ್ಚಳ ಎಲ್ಲಿಂದ ತರುವುದು?

ಬಾಕು ಊರಿನ ಮೇಷ್ಟ್ರು

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಒಬ್ಬ ಶಾಲಾ ಮೇಷ್ಟ್ರು! ಅವರ ಹೆಸರು ಅಲೆಕ್ಸಾಂಡರ್ ಲೋರಾನ್. ಇವತ್ತಿನ ಅಜರ್ಬೈಜಾನ್ ದೇಶದ ರಾಜಧಾನಿ ಬಾಕು ಆಗ ರಷ್ಯಾ ಸಾಮ್ರಾಜ್ಯದ ತೈಲ ಪಟ್ಟಣವಾಗಿತ್ತು. ಅಲ್ಲಿ ಎಣ್ಣೆಗೆ ಬಿದ್ದ ಬೆಂಕಿ ಸುಲಭವಾಗಿ ಆರುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡ ಲೋರಾನ್, ಎಣ್ಣೆಗಿಂತ ಹಗುರವಾಗಿ ಅದರ ಮೇಲೆಯೇ ನಿಲ್ಲುವ ವಸ್ತು ಬೇಕೆಂದು ಯೋಚಿಸಿದರು. ಅವರಿಗೆ ಹೊಳೆದದ್ದು ನೊರೆ. 1902 ಮತ್ತು 1903ರಲ್ಲಿ ಪ್ರಯೋಗ ಮಾಡಿ ತೋರಿಸಿದರು. 1904ರಲ್ಲಿ ಪೇಟೆಂಟ್ ಪಡೆದರು.

ಆ ಕಾಲದ ನೊರೆಯಲ್ಲಿ ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಸಲ್ಫೇಟ್ ಸೇರಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಎಬ್ಬಿಸುತ್ತಿದ್ದವು. ಗುಳ್ಳೆ ಬೇಗ ಒಡೆಯದಿರಲು ಅತಿಮಧುರದ ಬೇರಿನ ಸಾರವನ್ನೋ ಸಪೋನಿನ್ ಎಂಬ ವಸ್ತುವನ್ನೋ ಸೇರಿಸುತ್ತಿದ್ದರು. ಅಂಟುವಾಳದ ಕಾಯಿ, ಸೀಗೆಕಾಯಿ ನೀರಿನಲ್ಲಿ ನೊರೆ ಬರುತ್ತದಲ್ಲ, ಅದೂ ಸಪೋನಿನ್‌ನಿಂದಲೇ.

ಮುಂದೆ ದನಗಳ ಗೊರಸು, ಕೊಂಬುಗಳ ಪ್ರೋಟೀನಿನಿಂದಲೂ ನೊರೆದ್ರವ ತಯಾರಾಯಿತು. ಅದು ದಪ್ಪವಾದ, ಗಟ್ಟಿ ನೊರೆ. ಆದರೆ ಬೆಂಕಿಯ ಮೇಲೆ ಹರಡಿಕೊಳ್ಳುವುದು ನಿಧಾನ. ವಿಮಾನದ ವಿಷಯದಲ್ಲಿ ನಿಧಾನ ಎಂಬುದೇ ದೊಡ್ಡ ತೊಂದರೆ.

ಏಕೆಂದರೆ ಹೆಚ್ಚಿನ ವಿಮಾನಗಳ ಮೈ ತೆಳುವಾದ ಅಲ್ಯೂಮಿನಿಯಂ ತಗಡು. ಹೊರಗೆ ಇಂಧನ ಹೊತ್ತಿ ಉರಿದರೆ ಸುಮಾರು ಒಂದು ನಿಮಿಷದಲ್ಲಿ ಅದು ಕರಗಿ ತೂತಾಗಬಹುದು. ಒಳಗೆ ಜನರಿರುತ್ತಾರೆ. ಹೊಸ ಮಾದರಿಯ ದೊಡ್ಡ ವಿಮಾನ ತಯಾರಿಸಿದವರು, ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಎಂದು ತೋರಿಸಿಕೊಡಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಗ್ನಿಶಾಮಕ ವಾಹನ ರನ್‌ವೇಯ ಯಾವುದೇ ಭಾಗಕ್ಕೆ 3 ನಿಮಿಷದೊಳಗೆ ತಲುಪಬೇಕು. 2 ನಿಮಿಷಕ್ಕೇ ತಲುಪುವುದು ಗುರಿ. ನಮ್ಮ ಠಾಣೆಯಲ್ಲಿ ಗಂಟೆ ಬಾರಿಸಿದರೆ ಊಟದ ತಟ್ಟೆ ಅಲ್ಲೇ ಬಿಟ್ಟು ಓಡುತ್ತಿದ್ದೆವು.

ಹಡಗಿನ ಮೇಲಿನ ಬೆಂಕಿ

ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದವರು ಪೊಟ್ಯಾಸಿಯಂ ಬೈಕಾರ್ಬೊನೇಟ್‌ನಿಂದ ಬೆಂಕಿ ಆರಿಸುವ ಪುಡಿಯೊಂದನ್ನು ಸಿದ್ಧಪಡಿಸಿದ್ದರು. ಇದು ಅಡುಗೆ ಸೋಡಾದ ನೆಂಟ. ಬೇರೆ ಪುಡಿಗಳೊಡನೆ ಬೆರೆತು ಹೋಗದಿರಲೆಂದು ಅದಕ್ಕೆ ನೇರಳೆ ಬಣ್ಣ ಹಾಕಿದರು. ಪುಡಿ ಎರಚಿದ ಕೆಲವೇ ಸೆಕೆಂಡಿನಲ್ಲಿ ಜ್ವಾಲೆ ಮಾಯ! ಆದರೆ ಪುಡಿ ಇಂಧನವನ್ನು ಮುಚ್ಚುವುದಿಲ್ಲ. ಎಲ್ಲಾದರೂ ಒಂದು ಕಿಡಿ ಅಥವಾ ಕಾದ ಕಬ್ಬಿಣ ಉಳಿದಿದ್ದರೆ ಇಡೀ ಬೆಂಕಿ ಮತ್ತೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಹಾಗಾದರೆ ಪುಡಿಯ ಹಿಂದೆಯೇ ನೊರೆ ಹಾಕಿದರಾಯಿತು ಅಲ್ಲವೇ? ಅದೂ ಆಗಲಿಲ್ಲ. ಪ್ರೋಟೀನ್ ನೊರೆಯ ಗುಳ್ಳೆಗಳನ್ನು ಆ ಪುಡಿ ಒಡೆದುಬಿಡುತ್ತಿತ್ತು.

ಪುಡಿಯೊಡನೆ ಹೊಂದಿಕೊಳ್ಳುವ ನೊರೆ ಬೇಕು ಎಂದು ರಿಚರ್ಡ್ ಟ್ಯೂವ್ ಮತ್ತು ಅವರ ಸಂಗಡಿಗರು 1960ರ ದಶಕದ ಮೊದಲಲ್ಲಿ ಹುಡುಕಾಟ ನಡೆಸಿದರು. ಫ್ಲೋರಿನ್ ಇರುವ ಸಾಬೂನಿನಂಥ ವಸ್ತುವೊಂದನ್ನು ಬೆರೆಸಿದಾಗ ಅಪರೂಪದ ಗುಣ ಕಂಡಿತು. ನೊರೆಯಿಂದ ಸೋರಿದ ನೀರು ಇಂಧನದ ಒಳಗೆ ಮುಳುಗದೆ ಅದರ ಮೇಲೆ ತೆಳ್ಳಗಿನ ಪೊರೆಯಾಗಿ ಹರಡಿತು!

ಇದು ಹೇಗೆಂದು ತಿಳಿಯಲು ಒಂದು ಪ್ರಯೋಗ ಮಾಡಿ. ತಟ್ಟೆಯಲ್ಲಿ ನೀರು ತುಂಬಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ. ನಡುವೆ ಒಂದು ಹನಿ ಸೋಪಿನ ನೀರು ಬಿಡಿ. ಪುಡಿ ಚಂಗನೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈ ಹಿಗ್ಗಿಸಿ ಕಟ್ಟಿದ ಬಟ್ಟೆಯ ಹಾಗೆ ಬಿಗಿಯಾಗಿರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಸೋಪು ಬಿದ್ದಲ್ಲಿ ಆ ಬಿಗಿ ಸಡಿಲವಾಗುತ್ತದೆ. ಆಗ ಸುತ್ತಲಿನ ಬಿಗಿಯಾದ ನೀರು ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ವಿಜ್ಞಾನಿಗಳ ಅಳತೆಯಲ್ಲಿ ನೀರಿನ ಎಳೆತ ಸುಮಾರು 72, ವಿಮಾನ ಇಂಧನದ್ದು ಸುಮಾರು 25. ಹೊಸ ನೊರೆಯ ನೀರಿನದ್ದು 16ರಿಂದ 17ರಷ್ಟು ಮಾತ್ರ. ಇಂಧನಕ್ಕಿಂತ ಕಡಿಮೆಯಾದ್ದರಿಂದಲೇ ಅದು ಇಂಧನದ ಮೇಲೆ ಸರಸರನೆ ಹರಡಿಕೊಳ್ಳುತ್ತದೆ. ಪೊರೆ ಕಟ್ಟುವ ಈ ನೊರೆಯನ್ನು ನಾವು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಎ ಟ್ರಿಪಲ್ ಎಫ್' ಎಂದು ಕರೆಯುತ್ತಿದ್ದೆವು.

1967ರ ಜುಲೈ 29ರಂದು ವಿಯೆಟ್ನಾಂ ಬಳಿಯ ಸಮುದ್ರದಲ್ಲಿ 'ಫಾರೆಸ್ಟಲ್' ಎಂಬ ಅಮೆರಿಕದ ವಿಮಾನವಾಹಕ ಹಡಗಿನ ಮೇಲೆ ದೊಡ್ಡ ಅನಾಹುತವಾಯಿತು. ಒಂದು ರಾಕೆಟ್ ತಾನಾಗಿ ಹಾರಿ, ನಿಂತಿದ್ದ ವಿಮಾನದ ಇಂಧನ ತೊಟ್ಟಿಗೆ ಬಡಿಯಿತು. ಸುಮಾರು ಒಂದೂವರೆ ನಿಮಿಷದಲ್ಲಿ ಮೊದಲ ಬಾಂಬ್ ಸಿಡಿಯಿತು. ಬೆಂಕಿ ಆರಿಸಲು ತರಬೇತಿ ಪಡೆದಿದ್ದವರಲ್ಲಿ ಹೆಚ್ಚಿನವರು ಅಲ್ಲೇ ಗುರಿಯಾದರು. ಅವರ ಜಾಗಕ್ಕೆ ಧೈರ್ಯದಿಂದ ಓಡಿಬಂದ ಉಳಿದ ನಾವಿಕರಿಗೆ ಆ ತರಬೇತಿ ಇರಲಿಲ್ಲ. ಕೆಲವರು ನೊರೆ ಹಾಕಿದರೆ, ಇನ್ನು ಕೆಲವರು ಸಮುದ್ರದ ನೀರು ಹಾಯಿಸಿದರು. ಆ ನೀರು ನೊರೆಯನ್ನೇ ಕೊಚ್ಚಿಕೊಂಡು ಹೋಯಿತು. ಅಂದು 134 ಮಂದಿ ಸತ್ತರು.

ಇಂಥ ಅನಾಹುತಗಳ ನಂತರ ಪೊರೆ ಕಟ್ಟುವ ನೊರೆ ಹಡಗುಗಳಿಗೂ ವಿಮಾನ ನಿಲ್ದಾಣಗಳಿಗೂ ಬಂತು. 1969ರಲ್ಲಿ ಅಮೆರಿಕ ಇದಕ್ಕೊಂದು ಗುಣಮಟ್ಟದ ನಿಯಮ ಬರೆಯಿತು. ಆ ನಿಯಮದ ಮುಂದಿನ ಆವೃತ್ತಿಗಳ ಪ್ರಕಾರ 28 ಚದರ ಅಡಿಯ ಪೆಟ್ರೋಲ್ ಬೆಂಕಿಯನ್ನು ನೊರೆ 30 ಸೆಕೆಂಡಿನಲ್ಲಿ ಆರಿಸಬೇಕಿತ್ತು.

ನಾನು ಕಂಡ ಪರೀಕ್ಷೆ

ನೊರೆ ತಯಾರಿಸುವ ಕಾರ್ಖಾನೆಯೊಂದರ ಅಂಗಳದಲ್ಲಿ ಇಂಥ ಪರೀಕ್ಷೆಯನ್ನು ನಾನು ಹಲವು ಸಲ ನೋಡಿದ್ದೇನೆ. ಅಲ್ಲಿ ಅನುಸರಿಸುತ್ತಿದ್ದದ್ದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 'ಬಿ' ದರ್ಜೆಯ ಪರೀಕ್ಷೆ.

ನಿಮ್ಮ ಶಾಲೆಯ ಅಂಗಳದಲ್ಲಿ ಸೀಮೆಸುಣ್ಣ, ದಾರ ಹಿಡಿದು 1.2 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ವಿಸ್ತೀರ್ಣ ಲೆಕ್ಕ ಹಾಕಿ. ಸುಮಾರು 4.5 ಚದರ ಮೀಟರ್ ಬಂತೇ? ಪರೀಕ್ಷೆಯ ಉಕ್ಕಿನ ತಟ್ಟೆ ಅಷ್ಟು ದೊಡ್ಡದು. ಅದರಲ್ಲಿ 100 ಲೀಟರ್ ನೀರು, ಮೇಲೆ 100 ಲೀಟರ್ ವಿಮಾನ ಇಂಧನ. ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್ ಮೀರಿದ್ದರೆ ಪರೀಕ್ಷೆ ಇಲ್ಲ. ನೊರೆಯ ಕೊಳವೆಯನ್ನು ತಟ್ಟೆಯ ಅಂಚಿಗಿಂತ 1 ಮೀಟರ್ ಎತ್ತರದಲ್ಲಿ, ನೊರೆ ನಡುವಿಗೆ ಬೀಳುವಂತೆ ಇಡುತ್ತಾರೆ. ಹೀಗೆ ಎಲ್ಲ ನೊರೆಗಳಿಗೂ ಒಂದೇ ತಟ್ಟೆ, ಒಂದೇ ಇಂಧನ, ಒಂದೇ ಕೊಳವೆ. ಆಗ ಮಾತ್ರ ಹೋಲಿಕೆ ನ್ಯಾಯವಾಗಿರುತ್ತದೆ.

ಬೆಂಕಿ ಹಚ್ಚಿ 60 ಸೆಕೆಂಡು ಸುಮ್ಮನೆ ಉರಿಯಲು ಬಿಡುತ್ತಾರೆ. ಆ ಒಂದು ನಿಮಿಷ ಬಹಳ ಉದ್ದ ಮಕ್ಕಳೇ! ದೂರದಲ್ಲಿ ನಿಂತಿದ್ದರೂ ಮುಖ ಸುಡುತ್ತದೆ. ಕರಿಹೊಗೆ ಸುರುಳಿಯಾಗಿ ಏಳುತ್ತದೆ. ಆಮೇಲೆ ನೊರೆ ಶುರು. ನಿಮಿಷಕ್ಕೆ 11.4 ಲೀಟರ್ ದ್ರಾವಣ, ಅಂದರೆ ಹೆಚ್ಚು ಕಡಿಮೆ ಒಂದು ಬಿಂದಿಗೆ. ಬಿಳಿ ನೊರೆ ನಡುವಿನಿಂದ ಅಂಚಿಗೆ ಹರಿದಂತೆ ಜ್ವಾಲೆ ಹಿಂದೆ ಸರಿಯುತ್ತದೆ. 60 ಸೆಕೆಂಡಿನೊಳಗೆ ಬೆಂಕಿ ಆರಬೇಕು. ಒಮ್ಮೆ ಒಂದು ಮಾದರಿಯ ನೊರೆ ಹಾಕಿದಾಗ ಗಡಿಯಾರ 60 ದಾಟಿದರೂ ಕಾದ ಉಕ್ಕಿನ ಅಂಚಿನ ಸುತ್ತ ಬೆಂಕಿ ಬಳೆಯ ಹಾಗೆ ನಿಂತೇ ಇತ್ತು. ಗಡಿಯಾರ ಹಿಡಿದಿದ್ದವರು ತಲೆ ಅಲ್ಲಾಡಿಸಿದರು. ಆ ನೊರೆ ನಪಾಸು. ಅಲ್ಲಿ ತಟ್ಟೆಯ ಬದಲು ವಿಮಾನವಿದ್ದಿದ್ದರೆ ಎಂದು ಯೋಚಿಸಿ ನನ್ನ ಎದೆ ಝಲ್ಲೆಂದಿತು.

ಬೆಂಕಿ ಆರಿದರೂ ಪರೀಕ್ಷೆ ಮುಗಿಯುವುದಿಲ್ಲ. ಒಟ್ಟು 2 ನಿಮಿಷ ನೊರೆ ಹಾಕಿ ನಿಲ್ಲಿಸುತ್ತಾರೆ. ಮತ್ತೆ 2 ನಿಮಿಷ ಬಿಟ್ಟು, ಉರಿಯುವ ಇಂಧನವಿರುವ ಪುಟ್ಟ ಪಾತ್ರೆಯೊಂದನ್ನು ನೊರೆಯ ನಡುವೆ ಇಡುತ್ತಾರೆ. ಶತ್ರುವನ್ನು ಮನೆಯೊಳಗೇ ಕೂರಿಸಿದ ಹಾಗೆ! ಆ ಬೆಂಕಿ ನೊರೆಯನ್ನು ತಿಂದು ತಟ್ಟೆಯ ನಾಲ್ಕನೇ ಒಂದು ಭಾಗಕ್ಕೆ ಹರಡಲು ಕನಿಷ್ಠ 5 ನಿಮಿಷ ಹಿಡಿಯಬೇಕು. ಜನರನ್ನು ಹೊರಗೆ ಕರೆತರುತ್ತಿರುವಾಗ ಬೆಂಕಿ ಮತ್ತೆ ಏಳಬಾರದಲ್ಲ, ಅದಕ್ಕೇ ಈ ಎರಡನೇ ಪ್ರಶ್ನೆ.

ಪರೀಕ್ಷೆಯಲ್ಲಿ ಇಲ್ಲದ ಪ್ರಶ್ನೆ

ನಮ್ಮ ನಿಲ್ದಾಣದಲ್ಲಿ ತಾಲೀಮು ನಡೆಯುವ ಜಾಗದ ಪಕ್ಕ ಬೇಲಿ ಇತ್ತು. ಅಲ್ಲಿಗೆ ಹುಲ್ಲು ಕೊಯ್ಯಲು ಒಬ್ಬ ಅಮ್ಮ ಬರುತ್ತಿದ್ದರು. ತಾಲೀಮು ಮುಗಿದ ಮೇಲೆ ನೊರೆನೀರು ಚರಂಡಿಯಲ್ಲಿ ಹರಿದು ಹೋಗುವುದನ್ನು ನೋಡಿ ಒಂದು ದಿನ ಅವರು ನಮ್ಮ ಹಿರಿಯ ಸಹೋದ್ಯೋಗಿಯನ್ನು ಕೇಳಿದರು: "ಅಣ್ಣಾ, ಈ ನೀರು ಕೆರೆ ಕಡೆ ಹೋಗ್ತದಲ್ಲ, ದನ ಕುಡಿದ್ರೆ ಏನೂ ಆಗಲ್ವಾ?"

"ಏನೂ ಆಗಲ್ಲಮ್ಮ, ಸೋಪಿನ ನೀರಿದ್ದಂಗೆ" ಎಂದರು ಅವರು. ನಮಗೆಲ್ಲ ಆಗ ತಿಳಿದಿದ್ದದ್ದೇ ಅಷ್ಟು. ನಾವೂ ಆ ನೊರೆಯಲ್ಲಿ ಮೈಕೈ ನೆನೆಸಿಕೊಂಡು ಕೆಲಸ ಮಾಡಿದವರೇ. ನೊರೆಯ ಡ್ರಮ್ಮಿನ ಮೇಲೆ ಅದು ಎಷ್ಟು ಬೇಗ ಬೆಂಕಿ ಆರಿಸುತ್ತದೆ ಎಂದು ಬರೆದಿತ್ತು. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಬರೆದಿರಲಿಲ್ಲ.

ಉತ್ತರ ನಿಧಾನವಾಗಿ ಬಂತು. ಆ ನೊರೆಗೆ ಶಕ್ತಿ ಕೊಟ್ಟ ವಸ್ತುವಿನಲ್ಲಿ ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳು ಬಹಳ ಬಿಗಿಯಾಗಿ ಕೈ ಹಿಡಿದುಕೊಂಡಿರುತ್ತವೆ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಯಾವುವೂ ಆ ಬಂಧವನ್ನು ಸುಲಭವಾಗಿ ಬಿಡಿಸಲಾರವು. ಹಾಗಾಗಿ ಇವುಗಳನ್ನು ಚಿರಂಜೀವಿ ರಾಸಾಯನಿಕಗಳು ಎನ್ನಬಹುದು. ಮಣ್ಣಿಗೆ ಇಳಿದು, ಅಂತರ್ಜಲ ಸೇರಿ, ಬಾವಿಗೆ ಬಂದು, ನಮ್ಮ ರಕ್ತಕ್ಕೂ ಸೇರುತ್ತವೆ. ಅಮೆರಿಕ, ಆಸ್ಟ್ರೇಲಿಯಾ, ಸ್ವೀಡನ್ ದೇಶಗಳಲ್ಲಿ ವಾಯುನೆಲೆಗಳ ಸುತ್ತಲಿನ ನೀರಿನಲ್ಲಿ ಇವು ಸಿಕ್ಕವು. ಸ್ವೀಡನ್‌ನ ರೊನ್ನೆಬಿ ಪ್ರದೇಶದಲ್ಲಿ 2013ರ ಡಿಸೆಂಬರಿನಲ್ಲಿ ಕುಡಿಯುವ ನೀರಿನ ಒಂದು ಘಟಕವನ್ನೇ ಮುಚ್ಚಬೇಕಾಯಿತು.

ಒಂದು ಮಾತು ಸ್ಪಷ್ಟವಿರಲಿ. ಪಾವಗಡ, ಮುಂಡರಗಿಯ ಕಡೆ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಬೇರೆ. ಅದು ಬಂಡೆಗಳಿಂದ ಕರಗಿ ಬಂದದ್ದು. ನೊರೆಯ ಈ ವಸ್ತುಗಳು ಮನುಷ್ಯ ತಯಾರಿಸಿದವು.

ಇವುಗಳಲ್ಲಿ ಪಿಎಫ್‌ಓಎಸ್ ಎಂಬ ಒಂದನ್ನು ನಿಲ್ಲಿಸುವುದಾಗಿ ಅದನ್ನು ತಯಾರಿಸುತ್ತಿದ್ದ ಅಮೆರಿಕದ ಮುಖ್ಯ ಕಂಪನಿಯೇ 2000ದಲ್ಲಿ ಹೇಳಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ವಸ್ತುಗಳ ಪಟ್ಟಿಗೆ ಅದು ಸೇರಿತು. ಅದರ ಬಳಗದ ಪಿಎಫ್‌ಓಎ ಎಂಬ ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ತೀರ್ಮಾನಿಸಿತು. ಅದನ್ನು ಓದಿದ ದಿನ ನಾನು ಆ ಅಮ್ಮನನ್ನೂ ಅವರ ದನಗಳನ್ನೂ ಬಹಳ ಹೊತ್ತು ನೆನೆದೆ. ನನ್ನ ಜೊತೆ ಕೆಲಸ ಮಾಡಿದವರನ್ನೂ ನೆನೆದೆ.

ಮತ್ತೆ ಪರೀಕ್ಷೆಗೆ

ಹಾಗಾದರೆ ಆ ನೊರೆಯನ್ನು ಕಂಡುಹಿಡಿದವರು ಕೆಟ್ಟವರೇ? ಖಂಡಿತ ಅಲ್ಲ. ಅವರು ಉರಿಯುವ ವಿಮಾನದಿಂದ ಜನರನ್ನು ಉಳಿಸಲು ಹೊರಟವರು. ಅವರ ಪರೀಕ್ಷೆ 'ಎಷ್ಟು ಬೇಗ?' ಎಂದು ಕೇಳಿತು, ನೊರೆ ಸರಿಯಾಗಿಯೇ ಉತ್ತರಿಸಿತು. ಕೇಳದ ಪ್ರಶ್ನೆಗೆ ಯಾವ ಪರೀಕ್ಷೆಯೂ ಉತ್ತರ ಕೊಡುವುದಿಲ್ಲ, ಅಷ್ಟೇ.

ಈಗ ಫ್ಲೋರಿನ್ ಇಲ್ಲದ ಹೊಸ ನೊರೆಗಳು ಬಂದಿವೆ. ಅವು ನೀರಿನ ಪೊರೆ ಕಟ್ಟುವುದಿಲ್ಲ. ಗುಳ್ಳೆಗಳ ಹೊದಿಕೆಯಿಂದಲೇ ಆವಿಯನ್ನು ತಡೆಯುತ್ತವೆ. ಅದೇ ತಟ್ಟೆ, ಅದೇ ಗಡಿಯಾರದ ಮುಂದೆ ಅವುಗಳನ್ನೂ ಕೂರಿಸಿದರು. ಪೆಟ್ರೋಲಿನಂತೆ ಬೇಗ ಆವಿಯಾಗುವ ಇಂಧನದ ಮೇಲೆ ಅವುಗಳಲ್ಲಿ ಹಲವು ಹಳೆಯ ನೊರೆಗಿಂತ ಹೆಚ್ಚು ಸಮಯ ತೆಗೆದುಕೊಂಡವು. ವಿಮಾನ ಇಂಧನದ ಮೇಲೆ ಹಲವು ಪಾಸಾದವು. ಆಸ್ಟ್ರೇಲಿಯಾದ ನಾಗರಿಕ ವಿಮಾನ ನಿಲ್ದಾಣಗಳ ಅಗ್ನಿಶಾಮಕ ಸೇವೆ 2010ರಲ್ಲೇ ಇಂಥ ನೊರೆಗೆ ಬದಲಾಗತೊಡಗಿತು. ಅಮೆರಿಕದ ಸೇನೆ 2023ರ ಜನವರಿಯಲ್ಲಿ ಫ್ಲೋರಿನ್ ಇಲ್ಲದ ನೊರೆಗೆ ಹೊಸ ನಿಯಮ ಪ್ರಕಟಿಸಿತು. ಹಲವು ಕಡೆ ತಾಲೀಮಿಗೆ ನೊರೆಯ ಬದಲು ಬರೀ ನೀರು, ಇಂಧನದ ಬದಲು ಗ್ಯಾಸಿನ ಜ್ವಾಲೆ ಬಳಸುತ್ತಾರೆ.

ಬೆಂಕಿ ಬೇಗ ಆರಬೇಕು, ಬಾವಿಯ ನೀರೂ ಚೆನ್ನಾಗಿರಬೇಕು. ಎರಡೂ ಬೇಕು ಎಂದಾಗ ಕೆಲಸ ಕಷ್ಟವಾಗುತ್ತದೆ. ವಿಜ್ಞಾನಿಗಳು ಈಗ ಆ ಕಷ್ಟದ ಕೆಲಸದಲ್ಲಿ ತೊಡಗಿದ್ದಾರೆ. ನಾಳೆ ನಿಮ್ಮಲ್ಲಿ ಯಾರಾದರೂ ಅವರ ಜೊತೆ ಸೇರಬಹುದು.

ಬೆಂಕಿಯ ಪ್ರಯೋಗವನ್ನು ನೀವು ಮಾಡಬೇಡಿ. ಅದು ತರಬೇತಿ ಪಡೆದವರ ಕೆಲಸ. ಆದರೆ ಪ್ರಶ್ನೆ ಕೇಳುವುದನ್ನು ಇವತ್ತೇ ಶುರು ಮಾಡಬಹುದು. ನಿಮ್ಮ ಮನೆ, ಶಾಲೆ, ಹೊಲದಲ್ಲಿ ಬಳಸುವ ಐದು ವಸ್ತುಗಳನ್ನು ಪಟ್ಟಿ ಮಾಡಿ: ಬಟ್ಟೆ ಸೋಪು, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧಿ, ಹೀಗೆ. ಪ್ರತಿಯೊಂದರ ಮುಂದೆ ಎರಡು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ 'ಇದು ಏನು ಕೆಲಸ ಮಾಡುತ್ತದೆ?' ಎಂದು ಬರೆಯಿರಿ. ಎರಡನೆಯದರಲ್ಲಿ 'ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ?' ಎಂದು ಬರೆಯಿರಿ. ಎರಡನೇ ಕಾಲಂ ತುಂಬುವುದು ಕಷ್ಟವಾದರೆ ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಜೊತೆಗೂಡಿ ಉತ್ತರ ಹುಡುಕಿ.